ದೀಪದ ಬುಡದ ಕತ್ತಲೆ
ಹಳೆಯ ಮೋಟಾರು ಕಾರಿನ ವಿದ್ಯುದ್ದೀಪಗಳು ಕೈಕೊಟ್ಟಾಗ ದೋಷವನ್ನು ಹುಡುಕುವ ಬಗೆ

ಹಿರಿಯೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಸಾಗಿದರೆ, ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿರುವ ಕಲ್ಲಿನ ಕಟ್ಟೆ ಕಣ್ಣಿಗೆ ಬೀಳುತ್ತದೆ. ಸರ್ಕಾರದ ಕಾಗದಪತ್ರಗಳಲ್ಲಿ ಇದರ ಹೆಸರು ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಮಾರಿಕಣಿವೆ. 1898ರಲ್ಲಿ ಪ್ರಾರಂಭವಾದ ಕಟ್ಟಡ 1907ರಲ್ಲಿ ಮುಗಿಯಿತು. 130 ಅಡಿ ನೀರು ನಿಲ್ಲಬಲ್ಲ ಈ ಜಲಾಶಯ 1933ರಲ್ಲೊಮ್ಮೆ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಕಾಣಲು 89 ವರ್ಷ ಕಾಯಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಆ ಭಾಗ್ಯ ಒದಗಿದಾಗ ಜನ ತಂಡೋಪತಂಡವಾಗಿ ಬಂದರು; 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿದ್ದಾಗಲೂ ಬಂದರು. ಬೆಂಗಳೂರು, ದಾವಣಗೆರೆ, ತುಮಕೂರುಗಳಿಂದ ಸಂಸಾರಸಮೇತ ಬಂದು, ಬುತ್ತಿ ಬಿಚ್ಚಿ ಉಂಡು, ಕಣಿವೆಮಾರಮ್ಮನ ದರ್ಶನ ಮಾಡಿಕೊಂಡು, ಗುಡ್ಡದ ಹಿಂದೆ ಸೂರ್ಯ ಇಳಿದ ಮೇಲೆಯೇ ಹಿಂದಿರುಗುವುದು ಇಲ್ಲಿನ ಪ್ರವಾಸಿಗಳ ವಾಡಿಕೆ.

ಹೀಗೆ ಬರುವ ವಾಹನಗಳ ನಡುವೆ ಒಮ್ಮೊಮ್ಮೆ ತಂದೆಯ ಕಾಲದಿಂದ ಮನೆಯಲ್ಲಿ ಉಳಿದು ಬಂದ ಒಂದು ಅಂಬಾಸಿಡರ್, ಒಂದು ಫಿಯಟ್ ಕಾಣಿಸಿಕೊಳ್ಳುವುದುಂಟು. ಹಗಲಿನಲ್ಲಿ ಅದರ ಠೀವಿಯೇ ಬೇರೆ. ಎಳೆಯರು ಸುತ್ತ ನಿಂತು ನೋಡುತ್ತಾರೆ. ಹಿರಿಯರು ತಮ್ಮ ಮದುವೆಯ ದಿಬ್ಬಣವನ್ನು ನೆನೆಯುತ್ತಾರೆ. ಆದರೆ ಕತ್ತಲಾದ ಮೇಲೆ ಆ ಕಾರಿನ ಯೋಗ್ಯತೆಯನ್ನು ಅಳೆಯುವುದು ಅದರ ಬಣ್ಣವಲ್ಲ, ಅದರ ದೀಪ. ಹಿರಿಯೂರಿಗೆ ಬಂದು ಬೆಂಗಳೂರು–ಪುಣೆ ಹೆದ್ದಾರಿಯನ್ನು ಸೇರಿದೊಡನೆ ಹಿಂದೆ ಮುಂದೆ ಭಾರಿ ಲಾರಿಗಳು ಹರಿದಾಡುತ್ತವೆ. ಬೆಂಗಳೂರು ಅಲ್ಲಿಂದ ಇನ್ನೂ ಸುಮಾರು 160 ಕಿಲೋಮೀಟರು. ಅಷ್ಟು ದೂರ ಮನೆಮಂದಿಯ ಪ್ರಾಣವೆಲ್ಲ ನಾಲ್ಕಾರು ಗಾಜಿನ ಬಲ್ಬುಗಳನ್ನೂ ಅವುಗಳಿಗೆ ವಿದ್ಯುತ್ತನ್ನು ಕೊಂಡೊಯ್ಯುವ ಒಂದು ಹಿಡಿ ತಂತಿಯನ್ನೂ ನೆಚ್ಚಿಕೊಂಡಿರುತ್ತದೆ.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಮುಂದಿರುವ ಎತ್ತಿನ ಗಾಡಿಯನ್ನು ಒಂದು ಸೆಕೆಂಡು ತಡವಾಗಿ ಕಂಡರೆ 17 ಮೀಟರು ಕೈಬಿಟ್ಟಂತೆಯೇ. ಆದುದರಿಂದ ಹಳೆಯ ಕಾರಿನ ದೀಪದ ದೋಷವನ್ನು ಹುಡುಕುವ ವಿದ್ಯೆ ಕೇವಲ ಹವ್ಯಾಸಿಗಳ ವಿನೋದವಲ್ಲ. ಅಂಥ ಕಾರನ್ನು ಇಟ್ಟುಕೊಂಡವರ ಕರ್ತವ್ಯ.

ಎಣ್ಣೆಯಿಂದ ವಿದ್ಯುತ್ತಿನವರೆಗೆ

ಮಾರಿಕಣಿವೆಯ ಕಟ್ಟೆ ಏಳುತ್ತಿದ್ದ ಕಾಲಕ್ಕೆ ಮೋಟಾರು ಕಾರುಗಳಲ್ಲಿ ವಿದ್ಯುದ್ದೀಪಗಳು ಇನ್ನೂ ವಾಡಿಕೆಗೆ ಬಂದಿರಲಿಲ್ಲ. ಎಣ್ಣೆಯ ಲಾಂದ್ರವೋ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಹುಟ್ಟಿಸಿದ ಅಸಿಟಲೀನ್ ಅನಿಲದ ದೀಪವೋ ದಾರಿ ತೋರುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಅಮೆರಿಕದಲ್ಲಿ 1912ರ ಕ್ಯಾಡಿಲಾಕ್ ಕಾರು ವಿದ್ಯುತ್ತಿನಿಂದಲೇ ಎಂಜಿನನ್ನು ಚಾಲೂ ಮಾಡಿ ವಿದ್ಯುತ್ತಿನಿಂದಲೇ ದೀಪ ಹಚ್ಚಿದ ಬಳಿಕ ಎಣ್ಣೆದೀಪಗಳ ಕಾಲ ಮುಗಿಯುತ್ತ ಬಂತು.

ನಮ್ಮ ನಾಡಿನ ರಸ್ತೆಗಳಲ್ಲಿ ಬಹುಕಾಲ ಮೆರೆದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ಅದು ತಯಾರಾಯಿತು. ಮುಂಬಯಿಯಲ್ಲಿ ತಯಾರಾಗುತ್ತಿದ್ದ ಫಿಯಟ್ ಮುಂದೆ ಪದ್ಮಿನಿ ಎಂಬ ಹೆಸರನ್ನು ತಳೆಯಿತು. ಬ್ರಿಟಿಷ್ ವಂಶದ ಕಾರುಗಳ ದೀಪ, ಡೈನಮೊ, ಸ್ವಿಚ್ಚುಗಳ ಮೇಲೆ ಸಾಮಾನ್ಯವಾಗಿ ಕಾಣುವ ಹೆಸರು ಲೂಕಸ್. ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಜೋಸೆಫ್ ಲೂಕಸ್ ಕಟ್ಟಿದ ಆ ಸಂಸ್ಥೆ ಮೊದಲು ಹೆಸರು ಮಾಡಿದ್ದು ‘ದಾರಿಯ ದೊರೆ’ ಎಂಬ ಅರ್ಥದ ಹೆಸರಿನ ಸೈಕಲ್ ದೀಪದಿಂದ. 1961ರಲ್ಲಿ ಮದರಾಸಿನಲ್ಲಿ ಲೂಕಸ್–ಟಿ.ವಿ.ಎಸ್. ಕಾರ್ಖಾನೆ ಹುಟ್ಟಿತು. ಹಳೆಯ ಕಾರುಗಳ ಪ್ರೇಮಿಗಳು ಲೋಕದಾದ್ಯಂತ ಇದೇ ಲೂಕಸನನ್ನು ‘ಕತ್ತಲೆಯ ರಾಜಕುಮಾರ’ ಎಂದು ಹಾಸ್ಯ ಮಾಡುವುದುಂಟು. ಆದರೆ ನಿಜವಾಗಿ ನೋಡಿದರೆ ಅಪರಾಧ ಬಹುಪಾಲು ದೀಪ ಮಾಡಿದವನದಲ್ಲ. ಐವತ್ತು ಅರವತ್ತು ವರ್ಷಗಳ ಧೂಳು, ನೀರು, ತುಕ್ಕು, ಕೈಗೆ ಬಂದಂತೆ ಮಾಡಿದ ರಿಪೇರಿ, ಇವುಗಳದು.

ಜಲಾಶಯದ ಪಾಠ

ವಿದ್ಯುತ್ತಿನ ಮಾತೆಂದರೆ ಹಲವರು ಹಿಂಜರಿಯುತ್ತಾರೆ. ಮಾರಿಕಣಿವೆಯ ಕಟ್ಟೆಯ ಮೇಲೆ ನಿಂತವರಿಗಾದರೋ ಅದರಲ್ಲಿ ಅರ್ಧ ಪಾಠ ಕಣ್ಣೆದುರಿಗೇ ಇದೆ. ಬ್ಯಾಟರಿಯೇ ಜಲಾಶಯ. ಅಲ್ಲಿ ನೀರು ನಿಂತ ಎತ್ತರ ಇಲ್ಲಿ ವೋಲ್ಟು. ನಾಲೆಯಲ್ಲಿ ಹರಿಯುವ ನೀರಿನ ಪ್ರಮಾಣ ಇಲ್ಲಿ ಆಂಪಿಯರು. ತೂಬೇ ಸ್ವಿಚ್ಚು. ನಾಲೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಏರುವುದಿಲ್ಲ. ತಂತಿಯ ಕೂಡಿಕೆಯಲ್ಲಿ ಕಿಲುಬು ಕೂತರೆ ಕೊನೆಯ ದೀಪಕ್ಕೆ ವೋಲ್ಟು ಮುಟ್ಟುವುದಿಲ್ಲ. ಜಲಾಶಯ ತುಂಬಿದ್ದರೂ ಹೊಲ ಒಣಗಬಹುದು. ಬ್ಯಾಟರಿ ತುಂಬಿದ್ದರೂ ದೀಪ ಮಂಕಾಗಬಹುದು.

ಈ ಹೋಲಿಕೆ ಒಂದು ಕಡೆಯಲ್ಲಿ ಮಾತ್ರ ಸೋಲುತ್ತದೆ. ಆ ಸೋಲನ್ನು ತಿಳಿದವರು ಕಾರಿನ ದೀಪದ ರಹಸ್ಯವನ್ನೇ ತಿಳಿದಂತೆ. ನಾಲೆಯ ನೀರು ಹೊಲಕ್ಕೆ ಹೋಗಿ ಅಲ್ಲೇ ಇಂಗಿದರೂ ಪೈರು ಬೆಳೆಯುತ್ತದೆ. ವಿದ್ಯುತ್ತು ಹಾಗಲ್ಲ, ಹೊರಟ ಮನೆಗೆ ಅದು ಹಿಂದಿರುಗಲೇಬೇಕು. ಹಿಂದಿರುಗುವ ದಾರಿ ಮುಚ್ಚಿದ್ದರೆ ಅದು ಹೊರಡುವುದೇ ಇಲ್ಲ. ದಾರಿ ಇಕ್ಕಟ್ಟಾಗಿದ್ದರೆ ಹೊರಡುವುದೂ ಕಡಮೆಯಾಗುತ್ತದೆ.

ಕಾರಿನಲ್ಲಿ ದೀಪಕ್ಕೆ ಹೋಗುವ ದಾರಿಯಾಗಿ ತಂತಿ ಇರುತ್ತದೆ. ಹಿಂದಿರುಗುವ ದಾರಿಯಾದರೋ ಬಹುಮಟ್ಟಿಗೆ ಕಾರಿನ ಕಬ್ಬಿಣದ ಮೈಯೇ. ಬಲ್ಬಿನ ಹಿತ್ತಾಳೆಯ ಕೊರಳಿನಿಂದ ಹೋಲ್ಡರಿಗೆ, ಹೋಲ್ಡರಿನಿಂದ ದೀಪದ ಬಟ್ಟಲಿಗೆ, ಬಟ್ಟಲಿನಿಂದ ಸ್ಕ್ರೂ ಮೂಲಕ ಮಡ್‌ಗಾರ್ಡಿಗೆ, ಅಲ್ಲಿಂದ ಕಾರಿನ ಮೈಗೆ, ಮೈಯಿಂದ ದಪ್ಪನೆಯ ಪಟ್ಟಿಯ ಮೂಲಕ ಬ್ಯಾಟರಿಗೆ. ಇದನ್ನೇ ಮೆಕ್ಯಾನಿಕ್ಕುಗಳು ‘ಅರ್ತ್’ ಎನ್ನುತ್ತಾರೆ. ಈ ದಾರಿಯಲ್ಲಿ ಐದಾರು ಕೂಡಿಕೆಗಳಿವೆ. ಒಂದೊಂದರಲ್ಲಿಯೂ ತುಕ್ಕು ಕೂರಬಹುದು. ಕಾಣುವ ತಂತಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಕಾಣದ ಈ ದಾರಿಯನ್ನು ಯಾರೂ ನೆನೆಯುವುದಿಲ್ಲ. ದೀಪದ ಬುಡದಲ್ಲಿಯೇ ಕತ್ತಲೆ ಎಂಬ ನಮ್ಮ ಗಾದೆ ಹಣತೆಯನ್ನು ನೋಡಿ ಹುಟ್ಟಿದ್ದು. ಆದರೆ ಹಳೆಯ ಕಾರಿಗೆ ಅದು ಅಕ್ಷರಶಃ ಒಪ್ಪುತ್ತದೆ.

ಎತ್ತಿನ ಜ್ವರ, ಎಮ್ಮೆಯ ಬರೆ

ಇಂಥ ಕಾರೊಂದು ಮಾರಿಕಣಿವೆಯಿಂದ ಮುಸ್ಸಂಜೆಯಲ್ಲಿ ಹೊರಟಿದೆಯೆಂದು ಭಾವಿಸಬಹುದು. ಒಳಗೆ ದಂಪತಿಗಳು, ಎರಡು ಮಕ್ಕಳು, ಮನೆಯ ಹಿರಿಯರು.

“ಏನೂಂದ್ರೆ, ಎಡಗಡೆ ದೀಪ ಮಂಕಾದ ಹಾಗೆ ಕಾಣುತ್ತೆ,” ಎನ್ನುತ್ತಾಳೆ ಹೆಂಡತಿ.

“ಬಲ್ಬು ಹೋಗಿರಬೇಕು ಕಣೇ. ಹಿರಿಯೂರಿನಲ್ಲಿ ಹೊಸದು ಹಾಕಿಸಿದರಾಯಿತು,” ಎನ್ನುತ್ತಾನೆ ಗಂಡ.

“ಹೋದ ಬಲ್ಬು ಉರಿಯೋದೇ ಇಲ್ಲವಲ್ಲಪ್ಪ, ಇದು ಉರೀತಾ ಇದೆ, ಆದರೆ ಸಾಲದು,” ಎಂದು ಹಿಂದಿನ ಆಸನದಿಂದ ಮುದುಕರು ಹೇಳುತ್ತಾರೆ.

ಮುದುಕರ ಮಾತೇ ಸರಿ. ತಂತು ಕಡಿದ ಬಲ್ಬು ಉರಿಯುವುದೇ ಇಲ್ಲ. ಮಂಕಾಗಿ ಉರಿಯುವ ಬಲ್ಬು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಅದಕ್ಕೆ ಊಟ ಸಾಲದಾಗಿದೆ, ಅಷ್ಟೆ. ಬಹುಕಾಲ ಉರಿದ ಬಲ್ಬಿನ ಗಾಜು ಒಳಗೆ ಕಪ್ಪಿಟ್ಟೋ ಪ್ರತಿಫಲಕದ ಹೊಳಪು ಮಾಸಿಯೋ ಬೆಳಕು ತಗ್ಗುವುದೂ ಉಂಟು. ಅದನ್ನು ಕಣ್ಣಿನಿಂದಲೇ ತಿಳಿಯಬಹುದು. ಇವೆರಡೂ ಇಲ್ಲದಿದ್ದರೆ ಹೊಸ ಬಲ್ಬು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ದೋಷವನ್ನು ಹುಡುಕತಕ್ಕವರು ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳುವುದಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಎಲ್ಲ ದೀಪಗಳೂ ಕೆಟ್ಟಿವೆಯೋ, ಕೆಲವು ಮಾತ್ರವೋ? ಹಾರನ್ನು, ಬ್ರೇಕ್ ದೀಪ, ಹೆಡ್‌ಲೈಟು ಎಲ್ಲವೂ ಒಮ್ಮೆಗೇ ಸೋತಿದ್ದರೆ ದೋಷ ಜಲಾಶಯದ ಬಳಿಯಲ್ಲಿಯೇ ಇದೆ: ಬ್ಯಾಟರಿ, ಅದರ ಎರಡು ದಪ್ಪ ತಂತಿಗಳ ತುದಿ, ಇಲ್ಲವೇ ಮೈಗೆ ಬಿಗಿದ ಪಟ್ಟಿ.

ಎರಡನೆಯದು: ಎರಡೂ ಪಕ್ಕಗಳಲ್ಲಿಯೋ, ಒಂದೇ ಪಕ್ಕದಲ್ಲಿಯೋ? ಎಡ ಹೆಡ್‌ಲೈಟು ಮಾತ್ರ ಮಂಕಾಗಿದ್ದು ಬಲದ್ದು ಚೆನ್ನಾಗಿದ್ದರೆ ಬ್ಯಾಟರಿ, ಸ್ವಿಚ್ಚು, ಮುಖ್ಯ ತಂತಿಗಳು ನಿರ್ದೋಷಿಗಳು. ದಾರಿ ಕವಲೊಡೆದ ಮೇಲಿನ ಎಡಭಾಗದಲ್ಲಿಯೇ ಕಳ್ಳನಿದ್ದಾನೆ: ಬಲ್ಬು, ಹೋಲ್ಡರು, ಆ ಪಕ್ಕದ ಕೂಡಿಕೆ ಅಥವಾ ಆ ಪಕ್ಕದ ಅರ್ತ್.

ಮೂರನೆಯದು: ಡಿಮ್ಮಿನಲ್ಲಿಯೋ, ಬ್ರೈಟಿನಲ್ಲಿಯೋ, ಎರಡರಲ್ಲಿಯೋ? ಎರಡೂ ಪಕ್ಕದ ದೀಪಗಳು ಬ್ರೈಟಿನಲ್ಲಿ ಉರಿದು ಡಿಮ್ಮಿನಲ್ಲಿ ಆರಿದರೆ ಡಿಪ್ ಸ್ವಿಚ್ಚನ್ನು ಸಂಶಯಿಸಬೇಕು. ಹಳೆಯ ಹಲವು ಕಾರುಗಳಲ್ಲಿ ಈ ಸ್ವಿಚ್ಚು ಎಡಗಾಲಿನ ಕೆಳಗೆ ನೆಲದಲ್ಲಿರುತ್ತದೆ. ಚಪ್ಪಲಿಯ ಕೆಸರು, ಮಳೆಗಾಲದ ನೀರು, ಬಯಲುಸೀಮೆಯ ಕೆಂಧೂಳು ಎಲ್ಲವೂ ವರ್ಷಗಟ್ಟಲೆ ಅದರೊಳಗೆ ಇಳಿದಿರುತ್ತವೆ. ನಾಲ್ಕಾರು ಸಲ ಅದನ್ನು ತುಳಿದು ಬಿಟ್ಟರೆ ದೀಪ ಬಂದೀತು. ಆದರೆ ಅದು ಸ್ವಿಚ್ಚು ಕೊಟ್ಟ ಎಚ್ಚರಿಕೆಯೇ ಹೊರತು ಚಿಕಿತ್ಸೆಯಲ್ಲ.

ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹುಡುಕಬೇಕಾದ ಸ್ಥಳ ಇಡೀ ಕಾರಿನಿಂದ ಒಂದು ಮೊಳದಷ್ಟಕ್ಕೆ ಇಳಿಯುತ್ತದೆ.

ದೀಪಗಳ ವಿಚಿತ್ರ ವರ್ತನೆ

ಅರ್ತ್ ಕೆಟ್ಟ ದೀಪ ಸುಮ್ಮನೆ ಮಂಕಾಗುವುದಷ್ಟೇ ಅಲ್ಲ. ಕೆಲವೊಮ್ಮೆ ದೆವ್ವ ಹಿಡಿದಂತೆ ಆಡುತ್ತದೆ. ಬ್ರೇಕು ತುಳಿದರೆ ಹಿಂಬದಿಯ ಕೆಂಪು ದೀಪ ಆರುತ್ತದೆ. ಎಡ ಇಂಡಿಕೇಟರು ಹಾಕಿದರೆ ಅದರ ಜೊತೆಗೆ ಸಂಬಂಧವಿಲ್ಲದ ಇನ್ನೊಂದು ದೀಪ ಕಣ್ಣು ಮಿಟುಕಿಸುತ್ತದೆ. ಇದನ್ನು ಕಂಡವರು ತಂತಿಗಳೆಲ್ಲ ಒಳಗೆ ಸುಟ್ಟು ಒಂದಾಗಿವೆಯೆಂದು ಹೆದರುವುದು ಸಹಜ.

ಕಾರಣ ಬಹು ಸರಳ. ಹಿಂಬದಿಯ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತುಗಳಿವೆ. 21 ವ್ಯಾಟಿನದು ಬ್ರೇಕಿಗೆ, 5 ವ್ಯಾಟಿನದು ರಾತ್ರಿಯ ಕೆಂಪು ದೀಪಕ್ಕೆ. ಎರಡಕ್ಕೂ ಹಿಂದಿರುಗುವ ದಾರಿ ಒಂದೇ. ಆ ದಾರಿ ತುಕ್ಕಿನಿಂದ ಮುಚ್ಚಿದ್ದರೆ ಬ್ರೇಕಿನ ತಂತುವಿಗೆ ಬಂದ ವಿದ್ಯುತ್ತು ಜೊತೆಯ ತಂತುವಿನೊಳಕ್ಕೆ ತಿರುಗಿ, ಕೆಂಪು ದೀಪದ ತಂತಿಯನ್ನೇ ಹಿಡಿದು ಹಿಮ್ಮುಖವಾಗಿ ಹರಿದು, ಬೇರೊಂದು ದೀಪದ ಅರ್ತಿನ ಮೂಲಕ ಮನೆ ಸೇರಲು ಯತ್ನಿಸುತ್ತದೆ. ಮುಂಬಾಗಿಲು ಮುಚ್ಚಿದ್ದರೆ ಪಕ್ಕದ ಮನೆಯ ಹಿತ್ತಲನ್ನು ಹಾಯ್ದು ಹೋಗುವವನಂತೆ. ಆದುದರಿಂದ ದೀಪಗಳು ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕುತ್ತಿದ್ದರೆ ತಂತಿಯ ಕಟ್ಟನ್ನು ಬಿಚ್ಚುವ ಅಗತ್ಯವಿಲ್ಲ. ಮೊದಲು ಆ ದೀಪದ ಬುಡವನ್ನು ನೋಡಬೇಕು.

ಇದರಲ್ಲಿ ಒಂದು ವಿಪರ್ಯಾಸವೂ ಉಂಟು. ಸಾವಿರಾರು ರೂಪಾಯಿ ಸುರಿದು ಕಾರಿಗೆ ಹೊಸ ಬಣ್ಣ ಹೊಡೆಸಿ ಮದುವಣಗಿತ್ತಿಯಂತೆ ಸಿಂಗರಿಸಿದ ಮರುವಾರವೇ ದೀಪಗಳು ಮಂಕಾಗುವುದು ಅಪರೂಪವಲ್ಲ. ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ದೀಪದ ಬಟ್ಟಲು ಮೈಯನ್ನು ಮುಟ್ಟುತ್ತಿದ್ದ ಕಡೆಯಲ್ಲೆಲ್ಲ ಈಗ ಬಣ್ಣದ ಪದರ ಕೂತಿದೆ. ಹಿಂದಿರುಗುವ ದಾರಿಗೆ ಬೇಲಿ ಬಿದ್ದಿದೆ. ಸ್ಕ್ರೂ ಕೂರುವ ಸ್ಥಳದಲ್ಲಿ ಒಂದು ಕಾಸಿನಗಲ ಬಣ್ಣವನ್ನು ಕೆರೆದು, ಹೊಳೆಯುವ ಲೋಹ ಕಾಣಿಸಿ, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಸ್ವಲ್ಪ ವ್ಯಾಸಲೀನು ಸವರಿದರೆ ಬೇಲಿ ತೆರೆಯುತ್ತದೆ.

ಸ್ವಲ್ಪ ಲೆಕ್ಕ

ಕೂಡಿಕೆಯಲ್ಲಿ ಅಷ್ಟಿಷ್ಟು ಕಿಲುಬು ಕೂತರೆ ಏನಾದೀತು ಎಂದು ಉದಾಸೀನ ಮಾಡುವವರಿಗೆ ಅಂಕಿಗಳೇ ಉತ್ತರ ಕೊಡುತ್ತವೆ. ತಂತುವಿನ ಬಲ್ಬು ವೋಲ್ಟಿಗೆ ಸಮಸಮವಾಗಿ ಬೆಳಕು ಕೊಡುವುದಿಲ್ಲ. ವೋಲ್ಟು ನೂರಕ್ಕೆ ಹತ್ತರಷ್ಟು ಇಳಿದರೆ, ಎಂದರೆ 12 ಇದ್ದದ್ದು 10.8 ಆದರೆ, ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯುತ್ತದೆ. 9.6ಕ್ಕೆ ಬಂದರೆ ಅರ್ಧಕ್ಕಿಂತಲೂ ಹೆಚ್ಚು ಬೆಳಕು ಹೋಗಿರುತ್ತದೆ. ಉಳಿದ ಬೆಳಕೂ ಬಿಳುಪು ಕಳೆದುಕೊಂಡು ಹಳದಿಗೆ, ಕೆಂಪಿಗೆ ತಿರುಗುತ್ತದೆ.

ಕಳೆದುಹೋದ ವೋಲ್ಟು ಎಲ್ಲಿಗೆ ಹೋಯಿತು? ಕೆಟ್ಟ ಕೂಡಿಕೆಯಲ್ಲಿ ಅದು ಶಾಖವಾಯಿತು. 10 ಆಂಪಿಯರು ಹರಿಯುವ ಕೂಡಿಕೆಯಲ್ಲಿ ಒಂದು ಓಮಿನ ಐದನೆಯ ಒಂದು ಭಾಗದಷ್ಟು ತಡೆ ಉಂಟಾದರೆ ಅಲ್ಲಿ 2 ವೋಲ್ಟು ಸೋರಿ 20 ವ್ಯಾಟು ಶಾಖ ಹುಟ್ಟುತ್ತದೆ. ಬೆರಳ ತುದಿಯಷ್ಟು ಸ್ಥಳದಲ್ಲಿ 20 ವ್ಯಾಟು ಎಂದರೆ ಸುತ್ತಣ ಪ್ಲಾಸ್ಟಿಕ್ಕು ಮೆತ್ತಗಾಗಿ ಕರಗಲು ಸಾಕು. ಹೀಗಾಗಿ ಕೈಯೂ ಮೂಗೂ ಒಳ್ಳೆಯ ಪರೀಕ್ಷಕರು. ಹತ್ತು ನಿಮಿಷ ದೀಪ ಉರಿಸಿ, ಆರಿಸಿ, ಸ್ವಿಚ್ಚು, ಫ್ಯೂಸ್ ಪೆಟ್ಟಿಗೆ, ಕೂಡಿಕೆಗಳನ್ನು ಮೆಲ್ಲನೆ ಮುಟ್ಟಿ ನೋಡಿದರೆ ಬಿಸಿಯಾಗಿರುವುದೇ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತದೆ.

ಎರಡು ತಂತಿಯ ಪರೀಕ್ಷೆ

ಈ ಶೋಧನೆಗೆ ದುಬಾರಿ ಉಪಕರಣ ಬೇಡ. 12 ವೋಲ್ಟಿನ 5 ವ್ಯಾಟಿನ ಒಂದು ಚಿಕ್ಕ ಬಲ್ಬಿಗೆ ಎರಡು ತಂತಿ ಬೆಸೆದು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಮೊಳೆ ಕಟ್ಟಿದರೆ ಪರೀಕ್ಷಾದೀಪ ಸಿದ್ಧ. ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಸ್ವಿಚ್ಚು ಹಾಕಿ, ಬ್ಯಾಟರಿಯಿಂದ ದೀಪದತ್ತ ಒಂದೊಂದೇ ಕೂಡಿಕೆಯನ್ನು ಮೊಳೆಯಿಂದ ಮುಟ್ಟುತ್ತ ಹೋಗಬೇಕು. ಪರೀಕ್ಷಾದೀಪ ಎಲ್ಲಿಯವರೆಗೆ ಉರಿಯಿತೋ ಅಲ್ಲಿಯವರೆಗೆ ದಾರಿ ತೆರೆದಿದೆ. ಎಲ್ಲಿ ಆರಿತೋ ಅದರ ಹಿಂದಿನ ಹೆಜ್ಜೆಯಲ್ಲಿ ದೋಷವಿದೆ.

ತಂತಿಯ ಬಣ್ಣಗಳೂ ಈ ಕೆಲಸದಲ್ಲಿ ದಾರಿ ತೋರುತ್ತವೆ. ಲೂಕಸ್ ಪದ್ಧತಿಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯಿಂದ ನೇರವಾಗಿ ಬರುವ ತಂತಿ ಕಂದು, ಹೆಡ್‌ಲೈಟಿನ ಸ್ವಿಚ್ಚಿನಿಂದ ಡಿಪ್ ಸ್ವಿಚ್ಚಿಗೆ ಹೋಗುವುದು ನೀಲಿ, ಅಲ್ಲಿಂದ ಮುಂದೆ ಬ್ರೈಟಿಗೆ ನೀಲಿಯ ಮೇಲೆ ಬಿಳಿಗೆರೆ, ಡಿಮ್ಮಿಗೆ ನೀಲಿಯ ಮೇಲೆ ಕೆಂಪುಗೆರೆ, ಹಿಂಬದಿಯ ದೀಪಕ್ಕೆ ಕೆಂಪು, ಅರ್ತಿಗೆ ಕಪ್ಪು. ಆದರೆ ಅರ್ಧ ಶತಮಾನದಲ್ಲಿ ಹಲವು ಕೈಗಳು ಸಿಕ್ಕ ತಂತಿಯನ್ನು ಸಿಕ್ಕಲ್ಲಿ ಸೇರಿಸಿರುವುದರಿಂದ ಬಣ್ಣವನ್ನು ಸಾಕ್ಷಿಯೆಂದು ಕೇಳಬಹುದೇ ಹೊರತು ತೀರ್ಪೆಂದು ನಂಬಲಾಗದು.

ಅರ್ತಿನ ಪರೀಕ್ಷೆ ಇನ್ನೂ ಸುಲಭ. ಬ್ಯಾಟರಿಯ ಎರಡು ತುದಿಗಳಲ್ಲಿ ಯಾವುದರ ದಪ್ಪ ತಂತಿ ಕಾರಿನ ಮೈಗೆ ಬಿಗಿದಿದೆಯೆಂಬುದನ್ನು ಮೊದಲು ಕಣ್ಣಾರೆ ನೋಡಬೇಕು. ಈ ಮಾತಿನಲ್ಲಿ ಊಹೆ ಸಲ್ಲದು. 1960ರ ದಶಕದ ನಡುವಿನವರೆಗೆ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಈಗಿನ ರೂಢಿಗೆ ವಿರುದ್ಧವಾಗಿ ಧನ ತುದಿಯೇ ಮೈಗೆ ಸೇರುತ್ತಿತ್ತು. ಹಾಗೆ ಮೈಗೆ ಸೇರಿದ ತುದಿಯಿಂದ ಒಂದು ಉದ್ದ ತಂತಿಯನ್ನು ತಂದು, ಮಂಕಾಗಿ ಉರಿಯುತ್ತಿರುವ ದೀಪದ ಲೋಹದ ಬಟ್ಟಲಿಗೆ ಮುಟ್ಟಿಸಬೇಕು. ತಟ್ಟನೆ ದೀಪ ಬೆಳಗಿದರೆ ಅರ್ತ್ ಕೆಟ್ಟಿದೆಯೆಂಬುದು ಸಿದ್ಧವಾಯಿತು. ಬೆಳಗದಿದ್ದರೆ ದೋಷ ಹೋಗುವ ದಾರಿಯಲ್ಲಿದೆ. ಒಂದೇ ಒಂದು ತಂತಿ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ.

ಮೀಟರು ಇದ್ದವರು ಇನ್ನೂ ನಿಖರವಾಗಿ ತಿಳಿಯಬಹುದು. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ದೀಪದ ಬಟ್ಟಲಿಗೂ ಇನ್ನೊಂದನ್ನು ಬ್ಯಾಟರಿಯ ಮೈಗೆ ಸೇರಿದ ತುದಿಗೂ ಇಡಬೇಕು. ಮುಳ್ಳು ಸೊನ್ನೆಯ ಹತ್ತಿರವೇ ನಿಂತರೆ ಅರ್ತ್ ಒಳ್ಳೆಯದು. ಅರ್ಧ ವೋಲ್ಟನ್ನು ದಾಟಿದರೆ ಕೂಡಿಕೆಗಳನ್ನು ಬಿಚ್ಚಿ ಮರಳುಕಾಗದದಿಂದ ಉಜ್ಜಬೇಕು. ದೀಪ ಆರಿಸಿ ಮಾಡಿದ ಪರೀಕ್ಷೆ ಮಾತ್ರ ವ್ಯರ್ಥ. ನೀರು ಬಿಡದೆ ನಾಲೆಯ ಹೂಳನ್ನು ಅಳೆದಂತೆ, ವಿದ್ಯುತ್ತು ಹರಿಯದೆ ಇರುವಾಗ ಕೆಟ್ಟ ಕೂಡಿಕೆಯೂ ಒಳ್ಳೆಯದರಂತೆಯೇ ತೋರುತ್ತದೆ.

ಜಲಾಶಯವೇ ಬತ್ತಿದರೆ

ದೋಷ ದಾರಿಯಲ್ಲಿಲ್ಲದೆ ಮೂಲದಲ್ಲಿಯೇ ಇರುವುದೂ ಉಂಟು. ಪೂರ್ತಿ ತುಂಬಿ ವಿಶ್ರಮಿಸಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ. 12ಕ್ಕೆ ಇಳಿದರೆ ಬರಿದಾಗುತ್ತಿದೆಯೆಂದು ಅರ್ಥ. ಎಂಜಿನು ಚುರುಕಾಗಿ ಓಡುವಾಗ ಸುಮಾರು 14 ವೋಲ್ಟು ಕಾಣಬೇಕು. ಕಾಣದಿದ್ದರೆ ಡೈನಮೊ, ಅದರ ಬೆಲ್ಟು ಅಥವಾ ಕಟೌಟು ಪೆಟ್ಟಿಗೆಯ ಕಡೆಗೆ ನೋಡಬೇಕು. 15ನ್ನು ಮೀರಿದರೆ ಬಲ್ಬುಗಳು ಒಂದರ ಹಿಂದೊಂದು ಸುಡುತ್ತವೆ. ತಿಂಗಳಿಗೊಂದು ಬಲ್ಬು ಕೊಳ್ಳುವವರು ಅಂಗಡಿಯವನನ್ನು ಬೈಯುವ ಮೊದಲು ಇದನ್ನು ಅಳೆಸಬೇಕು.

ಡೈನಮೊ ಇರುವ ಕಾರುಗಳ ಒಂದು ಸ್ವಭಾವವನ್ನೂ ಇಲ್ಲಿ ಹೇಳಬೇಕು. ಎಂಜಿನು ನಿಧಾನವಾಗಿ ಓಡುವಾಗ ಡೈನಮೊ ವಿದ್ಯುತ್ತನ್ನು ಸಾಕಷ್ಟು ಹುಟ್ಟಿಸಲಾರದು. ದೀಪದ ಭಾರವೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಗೇಟಿನಲ್ಲಿ ನಿಂತಾಗ ದೀಪ ತುಸು ಕುಗ್ಗಿ, ಹೊರಟಾಗ ಹಿಗ್ಗುವುದು ಆ ಕಾಲದ ಕಾರುಗಳ ಹುಟ್ಟುಗುಣ, ರೋಗವಲ್ಲ. ಆಮೇಲೆ ಬಂದ ಆಲ್ಟರ್ನೇಟರು ಈ ಕೊರತೆಯನ್ನು ನೀಗಿತು.

ಬ್ಯಾಟರಿಯ ತುದಿಗಳಲ್ಲಿ ಬೂಷ್ಟಿನಂತೆ ಬಿಳಿಯ ಪುಡಿ ಬೆಳೆದಿದ್ದರೆ ತಂತಿಗಳನ್ನು ಕಳಚಿ, ಬಿಸಿನೀರಿಗೆ ಅಡಿಗೆ ಸೋಡ ಬೆರೆಸಿ, ಒಳಗೆ ಸೋರದಂತೆ ಎಚ್ಚರವಹಿಸಿ ತೊಳೆಯಬೇಕು. ಕಳಚುವಾಗ ಮೈಗೆ ಸೇರಿದ ತುದಿಯನ್ನು ಮೊದಲು, ಕೂಡಿಸುವಾಗ ಅದನ್ನೇ ಕೊನೆಗೆ. ಹೀಗೆ ಮಾಡಿದರೆ ಸ್ಪಾನರು ತಪ್ಪಿ ಕಬ್ಬಿಣಕ್ಕೆ ತಾಗಿದರೂ ಕಿಡಿ ಹಾರುವುದಿಲ್ಲ. ಬ್ಯಾಟರಿಯಿಂದ ಹೊರಡುವ ಜಲಜನಕ ಬೇಗ ಹೊತ್ತಿಕೊಳ್ಳುವ ಅನಿಲ. ಅದರ ಬಳಿ ಬೀಡಿ, ಬೆಂಕಿಕಡ್ಡಿ, ಬೆರಳಿನ ಉಂಗುರ ಮೂರೂ ಸಲ್ಲವು.

ಬೆಳ್ಳಿ ಕಾಗದದ ಪಾಪ

ದೀಪ ಆರಿದರೆ ಕತ್ತಲೆಯ ಭಯ. ಆದರೆ ಅದಕ್ಕಿಂತ ದೊಡ್ಡ ಭಯ ಬೆಂಕಿಯದು. ಫ್ಯೂಸು ಪದೇ ಪದೇ ಹೋಗುತ್ತಿದೆಯೆಂದು ಬೇಸತ್ತು ಅದರ ಮೇಲೆ ಸಿಗರೇಟಿನ ಬೆಳ್ಳಿ ಕಾಗದವನ್ನು ಸುತ್ತುವ ಕೆಟ್ಟ ರೂಢಿ ಒಂದು ಕಾಲದಲ್ಲಿ ದಾರಿಯುದ್ದಕ್ಕೂ ಇತ್ತು. ಫ್ಯೂಸು ಮನೆಯ ಕಾವಲುನಾಯಿ. ಅದು ಬೊಗಳುತ್ತಿದೆಯೆಂದು ಬಾಯಿ ಕಟ್ಟಿದರೆ ಕಳ್ಳ ಓಡಿಹೋಗುವುದಿಲ್ಲ. ಎಲ್ಲೋ ಒಂದು ಕಡೆ ತಂತಿಯ ಹೊದಿಕೆ ಸವೆದು ಮೈಗೆ ತಾಗುತ್ತಿರುವುದರಿಂದಲೇ ಫ್ಯೂಸು ಹೋಗುತ್ತಿರುತ್ತದೆ. ಅದನ್ನು ಹುಡುಕದೆ ದಪ್ಪ ತಂತಿ ಕಟ್ಟಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ. ಡ್ಯಾಶ್‌ಬೋರ್ಡಿನ ಹಿಂದಿನ ಇಡೀ ಕಟ್ಟು. ಹಲವು ಹಳೆಯ ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ಹೆಡ್‌ಲೈಟಿನ ದಾರಿಗೆ ಫ್ಯೂಸೇ ಇಲ್ಲವೆಂಬುದನ್ನು ನೆನೆದರೆ, ಅಲ್ಲಿನ ತಂತಿಯ ಹೊದಿಕೆ ಎಷ್ಟು ಮುಖ್ಯವೆಂಬುದು ತಿಳಿದೀತು.

ಎರಡನೆಯ ಪಾಪ ಆಸೆಯದು. ಆ ಕಾಲದ ಸಾಮಾನ್ಯ ಹೆಡ್‌ಲೈಟಿನ ಬಲ್ಬು ಬ್ರೈಟಿನಲ್ಲಿ 45 ವ್ಯಾಟಿನದು. ಎರಡೂ ಸೇರಿ ಸ್ವಿಚ್ಚಿನಲ್ಲಿ ಹರಿಯುವುದು 7.5 ಆಂಪಿಯರು. ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬುಗಳನ್ನು ಹಾಕಿದರೆ ಅದೇ ಮುದಿ ಸ್ವಿಚ್ಚು, ಅದೇ ಮುದಿ ತಂತಿ 16 ಆಂಪಿಯರಿಗೂ ಮಿಗಿಲಾದ ಹೊರೆಯನ್ನು ಹೊರಬೇಕು. ಇದು ಎದುರಿಗೆ ಬರುವವರ ಕಣ್ಣನ್ನೂ ಕುಕ್ಕುತ್ತದೆ. ಹೆಚ್ಚು ಬೆಳಕು ಬೇಕೆಂಬುವರಿಗೆ ಸರಿಯಾದ ಉಪಾಯ ರಿಲೇ. ಬ್ಯಾಟರಿಯಿಂದ ದೀಪಕ್ಕೆ ಫ್ಯೂಸಿನೊಡನೆ ನೇರವಾದ ದಪ್ಪ ತಂತಿ. ಹಳೆಯ ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡುವುದಷ್ಟೇ. ಹಾಗೆ ಮಾಡಿದಾಗ ಮೊದಲಿನ ಬಲ್ಬೇ ತನ್ನ ಪಾಲಿನ ವೋಲ್ಟನ್ನು ಪೂರ್ತಿಯಾಗಿ ಪಡೆದು, ಹೊಸದೇ ಬೇಡವೆನ್ನಿಸುವಷ್ಟು ಬೆಳಗುವುದುಂಟು.

ಮೂರನೆಯದು ಆತುರದ ಪಾಪ. ದೋಷ ಸಿಗಲಿಲ್ಲವೆಂದು ಹಳೆಯ ತಂತಿಯ ಕಟ್ಟನ್ನು ಕತ್ತರಿಸಿ ಎಸೆಯುವುದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆ. ತಂತಿಯ ಹೊದಿಕೆ ಬಿರಿದು ಉದುರುತ್ತಿದ್ದರೆ ಕಟ್ಟನ್ನು ಬದಲಿಸಲೇಬೇಕು, ನಿಜ. ಅದು ಗಟ್ಟಿಯಾಗಿದ್ದರೆ ಕೂಡಿಕೆಗಳನ್ನು ಬಿಚ್ಚಿ ಬೆಳಗುವುದೇ ಸಾಕು. 50 ವರ್ಷ ಮೀರಿದ ಕಾರುಗಳಿಗೆ 2021ರಿಂದ ಪುರಾತನ ವಾಹನಗಳೆಂಬ ಪ್ರತ್ಯೇಕ ನೋಂದಣಿ ದೊರೆಯುತ್ತಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಂಡವರಿಗೆ, ಹುಟ್ಟಿದಾಗಿನ ರೂಪವನ್ನು ಉಳಿಸಿಕೊಂಡ ವಾಹನದ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ.

ನಡುದಾರಿಯಲ್ಲಿ ದೀಪ ಆರಿದರೆ

ಕಣಿವೆಯ ಇಳಿಜಾರಿನಲ್ಲಿಯೋ ಹೆದ್ದಾರಿಯ ನಡುವೆಯೋ ದೀಪ ಒಮ್ಮೆಗೇ ಆರಿದರೆ ಬ್ರೇಕನ್ನು ಮೆಟ್ಟಿ ನಡುರಸ್ತೆಯಲ್ಲಿ ನಿಲ್ಲುವುದು ಅಪಾಯ. ವೇಗವನ್ನು ಇಳಿಸುತ್ತ, ಡಿಪ್ ಸ್ವಿಚ್ಚನ್ನು ಒಮ್ಮೆ ಬದಲಿಸಿ ನೋಡುತ್ತ, ಎಡಕ್ಕೆ ಸರಿದು ರಸ್ತೆಯ ಹೊರಗೆ ನಿಲ್ಲಬೇಕು. ಬ್ರೈಟು ಹೋದರೂ ಡಿಮ್ಮಿನ ತಂತು ಬದುಕಿರುವುದು ಸಾಧ್ಯ. ಮಕ್ಕಳನ್ನೂ ಹಿರಿಯರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ಕೂರಿಸಬೇಕು. ಕೆಂಪು ಪ್ರತಿಫಲಕ ತ್ರಿಕೋನವನ್ನು ಹಿಂಬದಿಯಲ್ಲಿ ಸಾಕಷ್ಟು ದೂರಕ್ಕೆ ಇಟ್ಟ ಮೇಲೆಯೇ ಬಾನೆಟ್ಟು ತೆರೆಯತಕ್ಕದ್ದು. ಕಾಲು ಗಂಟೆಯಲ್ಲಿ ದೋಷ ಸಿಗದಿದ್ದರೆ ರಾತ್ರಿಯ ಪ್ರಯಾಣವನ್ನೇ ಬಿಡುವುದು ಜಾಣತನ. ಹಿರಿಯೂರಿನಲ್ಲಿ ರಾತ್ರಿ ತಂಗಿ ಬೆಳಗ್ಗೆ ಹೊರಟರೆ ಕಳೆಯುವುದು ಒಂದು ರಾತ್ರಿ ಮಾತ್ರ.

ಹೆದ್ದಾರಿಯ ಬದಿಯ ಊರುಗಳಲ್ಲಿ ಬ್ಯಾಟರಿ, ಡೈನಮೊ ರಿಪೇರಿ ಮಾಡುವ ಚಿಕ್ಕ ಅಂಗಡಿಗಳ ಹಿರಿಯ ಕೆಲಸಗಾರರು ಈ ವಿದ್ಯೆಯಲ್ಲಿ ನುರಿತವರು. ಅವರು ಮೊದಲು ಬಲ್ಬು ಮಾರುವುದಿಲ್ಲ. ಮೊದಲು ಒಂದು ತಂತಿ ಹಿಡಿದು ಬಂದು ಬಟ್ಟಲಿಗೆ ಮುಟ್ಟಿಸುತ್ತಾರೆ. ಕಂಪ್ಯೂಟರು ತುಂಬಿದ ಕಾರುಗಳ ಈ ಕಾಲದಲ್ಲಿ ಅಂಥ ಕೈಗಳು ವಿರಳವಾಗುತ್ತಿವೆ. ಹಳೆಯ ಕಾರನ್ನು ಉಳಿಸಿಕೊಳ್ಳುವವರು ಆ ಕೈಗಳ ಪಕ್ಕದಲ್ಲಿ ಅರ್ಧ ದಿನ ನಿಂತು ನೋಡಿ ಕಲಿತರೆ ಕಾರಿಗೂ ವಿದ್ಯೆಗೂ ಆಯುಷ್ಯ ಬೆಳೆಯುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಈ ಕೆಲಸಗಳಿಗೆ ಸಮಯ ರಾತ್ರಿಯಲ್ಲ, ಪ್ರಯಾಣದ ಹಿಂದಿನ ದಿನ. ಮನೆಯ ಮುಂದೆ ಕಾರು ನಿಲ್ಲಿಸಿ, ಒಬ್ಬರು ಒಳಗೆ ಕೂತು ಬ್ರೇಕು ಮೆಟ್ಟಿ ಇಂಡಿಕೇಟರು ಹಾಕುತ್ತಿದ್ದರೆ ಮಕ್ಕಳೂ ಹಿಂದೆ ನಿಂತು “ಉರೀತು”, “ಆರಿತು” ಎಂದು ಕೂಗಿ ಹೇಳಬಲ್ಲರು. ಹಿಂಬದಿಯ ದೀಪವನ್ನು ಹೀಗೆ ಬೇರೆಯವರೇ ನೋಡಿ ಹೇಳಬೇಕು. ಓಡಿಸುವವನಿಗೆ ಅದು ಎಂದೂ ಕಾಣುವುದಿಲ್ಲ. ಮುಂದಿನ ದೀಪ ಆರಿದರೆ ತನಗೇ ದಾರಿ ಕಾಣದಾಗಿ ಕೂಡಲೆ ತಿಳಿಯುತ್ತದೆ. ಹಿಂದಿನ ದೀಪ ಆರಿದ್ದು ತಿಳಿಯುವುದು ಹಿಂದೆ ಬರುವ ಲಾರಿಯವನಿಗೆ ಮಾತ್ರ, ಅದೂ ಬಹಳ ತಡವಾಗಿ. ಆದುದರಿಂದ ಪರೀಕ್ಷೆಯನ್ನು ಕಾರಿನ ಹಿಂದಿನಿಂದಲೇ ಆರಂಭಿಸುವುದು ಲೇಸು.